ಕೀಲಿ ಕೈಗೆ ಬಂದರೆ ಸಾಲದು, ಆರ್‌ಸಿಗೆ ಹೆಸರು ಬರಬೇಕು

ಸಂಡೂರಿನ ಕಡೆ ಹಳೇ ಪಿಕಪ್ ಗಾಡಿಯ ವ್ಯಾಪಾರ ಎಷ್ಟೋ ಸಲ ಚಹಾ ಅಂಗಡಿಯ ಮುಂದೆಯೇ ಮುಗಿದುಹೋಗುತ್ತದೆ. ಬಾಂಡ್ ಪೇಪರಿನ ಮೇಲೆ ನಾಲ್ಕು ಸಾಲು ಬರಹ, ಇಬ್ಬರು ಸಾಕ್ಷಿಗಳ ರುಜು, ಮಾರಿದವನು ಸಹಿ ಹಾಕಿಕೊಟ್ಟ ಖಾಲಿ ಫಾರಂಗಳು, ಜೊತೆಗೆ ಕೀಲಿ. ಮಾರನೇ ದಿನ ಗಾಡಿ ಮೆಕ್ಕೆಜೋಳದ ಚೀಲ ಹೊತ್ತು ಹೊಸಪೇಟೆಯ ದಾರಿ ಹಿಡಿದಿರುತ್ತದೆ. ಹೆಸರು ಬದಲಾವಣೆಯ ಮಾತು ಬಂದರೆ, “ಮುಂದಿನ ಎಫ್‌ಸಿ ಟೈಮಿಗೆ ಮಾಡಿಸಿದರಾಯಿತು ಬಿಡಿ” ಎಂಬ ಉತ್ತರ ಸಿದ್ಧ.

ಆ ಒಂದು ಮಾತು ಕೊಂಡವರನ್ನೂ ಮಾರಿದವರನ್ನೂ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಸಬಲ್ಲದು. ದುಡ್ಡು ಕೊಟ್ಟು ಗಾಡಿ ಮನೆ ಮುಂದೆ ನಿಲ್ಲಿಸಿಕೊಂಡ ಮಾತ್ರಕ್ಕೆ ಮೋಟಾರು ವಾಹನ ಕಾಯ್ದೆ ನಿಮ್ಮನ್ನು ಮಾಲೀಕರೆಂದು ಒಪ್ಪುವುದಿಲ್ಲ. 1988ರ ಈ ಕಾಯ್ದೆಯ ಕಲಂ 2(30)ರ ಪ್ರಕಾರ, ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಸಾಲದ ಗಾಡಿಯ ವಿಷಯದಲ್ಲಿ ಮಾತ್ರ, ಒಪ್ಪಂದದಂತೆ ಗಾಡಿ ಯಾರ ಸ್ವಾಧೀನದಲ್ಲಿದೆಯೋ ಅವರನ್ನು ಮಾಲೀಕರೆಂದು ಎಣಿಸಲಾಗುತ್ತದೆ.

ಮಾರಿದವರ ಕೊರಳಿಗೆ ಬಂದ ಪರಿಹಾರ

ಇದು ಬರೀ ಕಾಗದದ ಮಾತಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಒಂದು ಪ್ರಕರಣವನ್ನು ತೀರ್ಮಾನಿಸಿತು. ಮೂಲ ಮಾಲೀಕರು 2007ರಲ್ಲೇ ಕಾರನ್ನು ಮಾರಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತ ಹೋಯಿತು, ಆದರೆ ಯಾರೂ ಹೆಸರು ಬದಲಿಸಿಕೊಳ್ಳಲಿಲ್ಲ. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? ನೋಂದಣಿ ಪುಸ್ತಕದಲ್ಲಿ, ಅಂದರೆ ಆರ್‌ಸಿಯಲ್ಲಿ, ಹೆಸರು ಉಳಿದಿದ್ದ ಮೊದಲ ಮಾಲೀಕರೇ ಎಂದು ನ್ಯಾಯಾಲಯ ಹೇಳಿತು. ಸತ್ತವರ ಮನೆಯವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯುವಂತಾಗಬಾರದು ಎಂಬುದು ಆ ತೀರ್ಪಿನ ತಿರುಳು.

ಕಲಂ 50ರ ಪ್ರಕಾರ, ರಾಜ್ಯದೊಳಗಿನ ವ್ಯಾಪಾರವಾದರೆ ಮಾರಿದವರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಹೊರರಾಜ್ಯಕ್ಕೆ ಮಾರಿದ್ದರೆ ಈ ಅವಧಿ 45 ದಿನ. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ವರ್ಗಾವಣೆ ಕೋರಬೇಕು. ಮಾರಿದವರ ತಿಳಿವಳಿಕೆಗೆ ನಮೂನೆ 29, ಕೊಂಡವರ ಅರ್ಜಿಗೆ ನಮೂನೆ 30. ಊರಿನಲ್ಲಿ ‘ಟಿಟಿ ಫಾರಂ’ ಎನ್ನುವುದು ಈ ಕಾಗದಗಳಿಗೇ. ಇವನ್ನು ಖಾಲಿ ಬಿಟ್ಟು ಸಹಿ ಹಾಕಿಕೊಡಬೇಡಿ, ಹಾಗೆ ತೆಗೆದುಕೊಳ್ಳಲೂ ಬೇಡಿ. ಗಾಡಿ ಸಂಖ್ಯೆ, ದಿನಾಂಕ, ಇಬ್ಬರ ಹೆಸರು, ವಿಳಾಸ ಎಲ್ಲವನ್ನೂ ತುಂಬಿಯೇ ಸಹಿ ಹಾಕಿ. ಮಾರುವವರು ತಮ್ಮ ಪ್ರತಿಗೆ ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ದುಡ್ಡು ಕೊಡುವ ಮುನ್ನ

ಸಂಡೂರಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಬಳ್ಳಾರಿಯ ಕೆಎ 34, ಹೊಸಪೇಟೆಯ ಕೆಎ 35 ಫಲಕಗಳೇ ಹೆಚ್ಚು. ಫಲಕ ಯಾವುದೇ ಇರಲಿ, ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಗಾಡಿ ಸಂಖ್ಯೆ ಹಾಕಿ ನೋಡಿ. ನೋಂದಣಿ ದಿನಾಂಕ, ಎಫ್‌ಸಿ, ವಿಮೆ ಮತ್ತು ತೆರಿಗೆಯ ಅವಧಿ, ಸಾಲದ ನಮೂದು ಸಿಗುತ್ತವೆ. ಇ-ಚಲನ್ ಬಾಕಿಯನ್ನು ಬೇರೆಯಾಗಿ ಪರಿಶೀಲಿಸಿ.

ನಂತರ ಗಾಡಿಯ ಹತ್ತಿರ ಹೋಗಿ. ನಮ್ಮ ಭಾಗದ ಗಾಡಿಗಳ ಛಾಸಿಗೆ ಅದಿರಿನ ಕೆಂಪು ದೂಳು ಮೆತ್ತಿಕೊಂಡಿರುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಚೆನ್ನಾಗಿ ಒರೆಸಿ, ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಕಾಗದದ ಮೇಲೆ ಮೂಡಿದ ಒಂದೊಂದು ಅಕ್ಷರವನ್ನೂ ಆರ್‌ಸಿಯ ಜೊತೆ ಹೋಲಿಸಿ. ಅಕ್ಷರಗಳ ಸಾಲು ಸೊಟ್ಟಗಿದ್ದರೆ, ಸುತ್ತ ವೆಲ್ಡಿಂಗ್ ಅಥವಾ ಉಜ್ಜಿದ ಗುರುತಿದ್ದರೆ, ಆ ಗಾಡಿಯ ಸಹವಾಸವೇ ಬೇಡ. ಎಂಜಿನ್ ಸಂಖ್ಯೆಯನ್ನೂ ಹೀಗೆಯೇ ನೋಡಿ. ಕದ್ದ ಮಾಲಿಗೆ ಎಷ್ಟೇ ದುಡ್ಡು ಕೊಟ್ಟರೂ ಒಡೆತನ ಬರುವುದಿಲ್ಲ. ತನಗಿಲ್ಲದ ಹಕ್ಕನ್ನು ಮಾರುವವನು ಇನ್ನೊಬ್ಬರಿಗೆ ಕೊಡಲಾರ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮ.

ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿದ್ದರೆ, ಮೋಟಾರು ವಾಹನ ಕಾಯ್ದೆಯ ಕಲಂ 51ರ ಪ್ರಕಾರ ಅವರ ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾವಣೆ ಆಗುವುದಿಲ್ಲ. ‘ಸಾಲ ತೀರಿದೆ’ ಎಂಬ ಬಾಯಿಮಾತು ನಂಬಬೇಡಿ. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಮತ್ತು ಅವರು ಸಹಿ ಮಾಡಿದ ನಮೂನೆ 35 ಕೈಯಲ್ಲಿರಬೇಕು. ಇವನ್ನು ಕೊಟ್ಟು ‘ಹೆಚ್‌ಪಿ’, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದನ್ನು ರದ್ದು ಮಾಡಿಸಬೇಕು. ಉಳಿದ ಕಂತು ತಾವೇ ಕಟ್ಟುವುದಾಗಿ ಬಾಂಡ್ ಬರೆಸಿ ಗಾಡಿ ತರುವುದು ಅತ್ಯಂತ ಅಪಾಯದ ವ್ಯವಹಾರ. ನೀವು ಕಂತಿಗೆಂದು ಕೊಟ್ಟ ದುಡ್ಡನ್ನು ಮಾರಿದವನು ಕಟ್ಟದೇ ಹೋದರೆ ಗಾಡಿ ಹೋಗುವುದು ನಿಮ್ಮ ಮನೆ ಮುಂದಿನಿಂದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕಂತು ಕಟ್ಟಲಾಗದೆ ಕಂಗಾಲಾದ ಲಾರಿ ಮಾಲೀಕರ ಪಾಡು ಈ ಸೀಮೆಗೆ ಹೊಸದಲ್ಲ. ಹಾಗಿದ್ದರೂ ಗೂಂಡಾಗಳನ್ನು ಬಿಟ್ಟು ಗಾಡಿ ಎಳೆದೊಯ್ಯುವ ಅಧಿಕಾರ ಯಾವ ಬ್ಯಾಂಕಿಗೂ ಇಲ್ಲ. 2007ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿದೆ. ಬಲವಂತ ಮಾಡಿದರೆ ಪೊಲೀಸರಿಗೆ ದೂರು ಕೊಡಿ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. 2 ಲಕ್ಷ ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಒಪ್ಪಂದ ಪತ್ರದಲ್ಲಿ ಗಾಡಿ ಒಪ್ಪಿಸಿದ ದಿನದ ಜೊತೆಗೆ ಗಂಟೆಯನ್ನೂ ಬರೆಸಿ. ಅದಕ್ಕೂ ಮುಂಚಿನ ದಂಡ, ತೆರಿಗೆ, ಮೊಕದ್ದಮೆಗಳ ಹೊಣೆ ಮಾರಿದವರದು ಎಂಬ ಸಾಲೂ ಇರಲಿ. ಈ ಪತ್ರ ನಿಮ್ಮಿಬ್ಬರ ನಡುವಿನ ವ್ಯವಹಾರಕ್ಕೆ ಸಾಕ್ಷಿ. ಆರ್‌ಸಿಗೆ ಬದಲಿ ಅಲ್ಲ.

ಡೀಸೆಲ್ ಗಾಡಿಯ ವಯಸ್ಸು

‘ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯುಷ್ಯ’ ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆ. ಆ ನಿರ್ಬಂಧ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕಾಗಿ, 2015ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಿಂದ. ನಮ್ಮಲ್ಲಿ ಸರಕು ಗಾಡಿ ರಸ್ತೆಗಿಳಿಯಲು ಮುಖ್ಯವಾಗಿ ಬೇಕಾದದ್ದು ಕಲಂ 56ರ ಎಫ್‌ಸಿ, ಅಂದರೆ ಸುಸ್ಥಿತಿ ಪ್ರಮಾಣಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಇದನ್ನು ಮಾಡಿಸಬೇಕು. ಗಾಡಿಗೆ ವಯಸ್ಸಾದಂತೆ ಶುಲ್ಕವೂ ಏರುತ್ತದೆ. ಬೆಲೆ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತ್ತರದಿಂದಲೋ ಆಂಧ್ರದಿಂದಲೋ ಅಗ್ಗಕ್ಕೆ ಬಂದ ಗಾಡಿಯಾದರೆ ಎರಡು ಪಟ್ಟು ಎಚ್ಚರ ಬೇಕು. ಮೂಲ ಆರ್‌ಟಿಒ ಕೊಟ್ಟ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ಇಲ್ಲಿನ ತೆರಿಗೆ, ಮರುನೋಂದಣಿ, ಮೂರೂ ಆಗಬೇಕು. ಇವೆಲ್ಲ ಸಾಧ್ಯವೇ, ಎಷ್ಟು ಖರ್ಚು ಎಂದು ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿದ ಮೇಲೆಯೇ ಮುಂಗಡ ಕೊಡಿ. ನೆರೆಯ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ 2020ರಲ್ಲಿ ದೊಡ್ಡ ಪ್ರಕರಣವೊಂದು ಬೆಳಕಿಗೆ ಬಂತು. ಗುಜರಿಯೆಂದು ಮಾರಿದ್ದ ಬಿಎಸ್-3 ಹೊಗೆ ಮಾನದಂಡದ ಲಾರಿಗಳನ್ನು ಬಿಎಸ್-4 ಎಂದು ದಾಖಲೆ ತಿದ್ದಿ, ದೂರದ ನಾಗಾಲ್ಯಾಂಡ್‌ನಲ್ಲಿ ನೋಂದಾಯಿಸಿ ತಂದ ಆರೋಪ ಅದು. ಹೊಸ ಬಿಎಸ್-3 ವಾಹನಗಳ ಮಾರಾಟ, ನೋಂದಣಿ 2017ರ ಏಪ್ರಿಲ್ 1ರಿಂದಲೇ ನಿಂತಿದೆ. ಗಾಡಿ ತಯಾರಾದ ತಿಂಗಳು, ಮೊದಲ ನೋಂದಣಿಯ ದಿನಾಂಕ, ಬಿಎಸ್ ಮಟ್ಟ ಒಂದಕ್ಕೊಂದು ಹೊಂದುತ್ತವೆಯೇ ನೋಡಿ.

ವಿಮೆ, ಪರ್ಮಿಟ್, ಲೈಸೆನ್ಸ್

ಗಾಡಿ ಕೊಂಡಾಗ ಮೂರನೇ ವ್ಯಕ್ತಿಯ ವಿಮೆ ಕಲಂ 157ರಂತೆ ತಾನಾಗಿ ನಿಮಗೆ ವರ್ಗವಾಗುತ್ತದೆ. ಆದರೂ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಹಳಬರ ಹೆಸರಿನ ಪಾಲಿಸಿ ನಿಮ್ಮ ಗಾಡಿಯ ಡ್ಯಾಮೇಜಿಗೆ ಹಣ ಕೊಡುವುದಿಲ್ಲ. ಮಾಲೀಕ-ಚಾಲಕರಿಗೆ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ನಿಮ್ಮ ಮನೆಯವರಿಗೆ ದಕ್ಕುವುದಿಲ್ಲ. ದುಡಿಯುವ ಮಗ ಘಟ್ಟದ ತಿರುವಿನಲ್ಲಿ ಹೋಗಿಬಿಟ್ಟರೆ, ಅವನ ಹೆಂಡತಿ ಮಕ್ಕಳಿಗೆ ಆಸರೆಯಾಗಬೇಕಾದ ಹಣ ಒಂದು ಹೆಸರಿಲ್ಲದ ಕಾರಣಕ್ಕೆ ಕೈತಪ್ಪುತ್ತದೆ.

ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಎನ್ನುತ್ತದೆ ಕಲಂ 66(3). ಟಾಟಾ ಏಸ್‌ನಂಥ ಚಿಕ್ಕ ಗಾಡಿಗಳು ಇದರೊಳಗೆ ಬರುತ್ತವೆ. ದೊಡ್ಡ ಪಿಕಪ್‌ಗಳಲ್ಲಿ ಮಾದರಿಯ ಮೇಲೆ ಬದಲಾಗುತ್ತದೆ. ಆರ್‌ಸಿಯಲ್ಲಿ ಬರೆದ ತೂಕವೇ ಆಧಾರ. ಪರ್ಮಿಟ್ ಇರುವ ಗಾಡಿಯಾದರೆ ಅದನ್ನೂ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಇನ್ನು ಲೈಸೆನ್ಸ್: 7,500 ಕಿಲೋವರೆಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸ್ ಇದ್ದವರೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿದೆ.

ಹಿಂದೆ ಜನ ಕೂರಿಸಬೇಡಿ

ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಲಿಗೆ ಕೂಲಿಯವರನ್ನು ಪಿಕಪ್‌ನ ಹಿಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮ ಹಳ್ಳಿ, ತಾಂಡಾಗಳಲ್ಲಿ ದಿನದ ನೋಟ. ಗಾಡಿ ಮಗುಚಿದರೆ ಅವರ ಪರಿಹಾರವನ್ನು ವಿಮಾ ಕಂಪನಿ ಭರಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲೇ ಹೇಳಿದೆ. ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿಗೆ ಮಾತ್ರ ವಿಮೆಯ ರಕ್ಷಣೆ ಇದೆ. ಉಳಿದವರ ಪರಿಹಾರದ ಹೊರೆ ಬೀಳುವುದು ಗಾಡಿಯ ಮಾಲೀಕರ ಮೇಲೆ. ಹೊಲ ಮಾರಿದರೂ ತೀರದ ಮೊತ್ತವದು. ಎಲ್ಲಕ್ಕಿಂತ ಮಿಗಿಲಾಗಿ, ಹೋದ ಜೀವ ಮರಳಿ ಬರುವುದಿಲ್ಲ.

ಹೆಚ್ಚು ತೂಕ ಹೇರಿದರೆ ಕಲಂ 194ರಂತೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ. ಅನುಮತಿ ಪತ್ರವಿಲ್ಲದೆ ಅದಿರು, ಮರಳು ಸಾಗಿಸಿದರೆ ಗಣಿ ಮತ್ತು ಖನಿಜ ಕಾಯ್ದೆಯ ಕಲಂ 21ರಡಿ ಗಾಡಿಯೇ ಜಪ್ತಿಯಾಗಿ, ಕೊನೆಗೆ ಸರ್ಕಾರದ ಪಾಲಾಗಬಹುದು. ಯಾವುದೇ ಪ್ರಕರಣದಲ್ಲಿ ಠಾಣೆ ಸೇರಿದ ಗಾಡಿಯನ್ನು ಬಿಡಿಸಿಕೊಳ್ಳಲು ನ್ಯಾಯಾಲಯ ಸಾಮಾನ್ಯವಾಗಿ ಮೊದಲು ನೋಡುವುದು ಆರ್‌ಸಿಯಲ್ಲಿರುವ ಹೆಸರನ್ನೇ. ಬಾಂಡ್ ಪೇಪರ್ ಹಿಡಿದು ಹೋದವರು ಹಳೇ ಮಾಲೀಕರನ್ನು ಹುಡುಕಿಕೊಂಡು ಓಡಬೇಕಾಗುತ್ತದೆ.

ತಂದೆಯ ಹೆಸರಿನ ಗಾಡಿ

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಬೇಕು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಹೊಂದಿಸಿಕೊಳ್ಳಿ. ಹಾಗೆ ಮಾಡದೆ ಅಣ್ಣತಮ್ಮಂದಿರಲ್ಲಿ ಒಬ್ಬರು ಮಾರಿದ ಗಾಡಿಯನ್ನು ಕೊಳ್ಳಬೇಡಿ.

ಮೋಸವಾದರೆ ಎಲ್ಲಿಗೆ ಹೋಗಬೇಕು?

ಹಳೇ ಗಾಡಿಗಳ ಡೀಲರ್‌ಗಳಿಗೆ 2023ರ ಏಪ್ರಿಲ್‌ನಿಂದ ನೋಂದಣಿ ಪ್ರಾಧಿಕಾರದ ಅಧಿಕಾರಪತ್ರ ಕಡ್ಡಾಯ. ಅಂಗಡಿಗೆ ಹೋದಾಗ ಅದನ್ನು ತೋರಿಸಲು ಕೇಳಿ. ಡೀಲರ್ ದೋಷ ಮುಚ್ಚಿಟ್ಟು ಮಾರಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ‘ಬಾಡಿಗೆಗೆ ಓಡಿಸುವ ಗಾಡಿ, ನೀವು ಗ್ರಾಹಕರಲ್ಲ’ ಎಂದು ಎದುರು ಪಕ್ಷ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರು ಗ್ರಾಹಕರೇ ಎಂದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಸಹಾಯವಾಣಿ 1915. ವ್ಯಾಪಾರವೇ ವೃತ್ತಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ದಾರಿ ಸಿವಿಲ್ ನ್ಯಾಯಾಲಯ. ಬೇಕೆಂದೇ ವಂಚಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ಪೊಲೀಸ್ ದೂರು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕಾರ್ಮಿಕರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ.

ನಿಮ್ಮ ಮನೆ ಮುಂದೆ ನಿಂತಿರುವ ಗಾಡಿಯ ಆರ್‌ಸಿಯನ್ನು ಇವತ್ತೇ ತೆಗೆದು ನೋಡಿ. ಅದರಲ್ಲಿ ಇನ್ನೊಬ್ಬರ ಹೆಸರಿದ್ದರೆ ನಾಳೆಯೇ ವರ್ಗಾವಣೆಗೆ ಅರ್ಜಿ ಹಾಕಿ. ನೀವು ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಿನಲ್ಲೇ ಓಡುತ್ತಿದ್ದರೆ, ಕೊಂಡವರನ್ನು ಕರೆದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ. ಅವಧಿ ಮೀರಿದ್ದಕ್ಕೆ ಕಟ್ಟಬೇಕಾದ ದಂಡ, ಮುಂದೊಂದು ದಿನ ಕಟ್ಟಬೇಕಾಗಬಹುದಾದ ಪರಿಹಾರದ ಮುಂದೆ ಏನೂ ಅಲ್ಲ.