ಕೂಲಿ ಕೇಳದ ಓಲೆಕಾರ

ಕೂಲಿಯಿಲ್ಲದೆ ಪರರ ಓಲೆಯನ್ನು ಹೊರುವವನು ಲೋಕದಲ್ಲಿ ಅಪರೂಪವು. ನಮ್ಮ ಮೊಬೈಲುಗಳಲ್ಲಿರುವ ಸಂದೇಶದ ಆ್ಯಪುಗಳಾದರೋ ದಿನಕ್ಕೆ ನೂರು ಓಲೆಗಳನ್ನು ಮುಟ್ಟಿಸಿದರೂ ನಮ್ಮಿಂದ ಒಂದು ಕಾಸನ್ನೂ ಕೇಳುವದಿಲ್ಲ. ಹಾಗಾದರೆ ಅವುಗಳ ವೆಚ್ಚವು ಎಲ್ಲಿಂದ ಬರುವದು? ಈ ಪ್ರಶ್ನೆಯನ್ನು ನಮ್ಮ ಹಳೇ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ವಿಚಾರಿಸುವದು ಯುಕ್ತವಾಗಿದೆ.

ವಾಟ್ಸಾಪ್ ಎಂಬದು 2009 ರಲ್ಲಿ ಅಮೇರಿಕದಲ್ಲಿ ಹುಟ್ಟಿತು. ಅದನ್ನು ಸ್ಥಾಪಿಸಿದ ಜಾನ್ ಕೌಮ್ ಮತ್ತು ಬ್ರಯಾನ್ ಆಕ್ಟನ್ ಎಂಬವರು ಜಾಹೀರಾತುಗಳನ್ನು ಒಲ್ಲದೆ, ಬಳಸುವವರಲ್ಲಿ ಕೆಲವರಿಂದ ವರುಷಕ್ಕೆ ಸುಮಾರು ಒಂದು ಡಾಲರನ್ನು ಚಂದಾವಾಗಿ ತೆಗೆದುಕೊಳ್ಳುತ್ತಿದ್ದರು. 2014 ರಲ್ಲಿ ಫೇಸ್‌ಬುಕ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. 2016 ರ ಜನವರಿಯಲ್ಲಿ ಚಂದಾ ನಿಂತಿತು. ಅದೇ ವರುಷದ ಆಗಸ್ಟಿನಲ್ಲಿ, ಬಳಸುವವರ ಕೆಲವು ವಿವರಗಳನ್ನು ಫೇಸ್‌ಬುಕ್ಕಿನೊಂದಿಗೆ ಹಂಚಿಕೊಳ್ಳುವ ನಿಬಂಧನೆಯು ಬಂದಿತು. ಡಾಲರು ಹೋದರೂ ಕ್ರಯವು ಉಳಿಯಿತು.

ಇಲ್ಲಿ ನ್ಯಾಯವಾಗಿ ಹೇಳತಕ್ಕ ಮಾತೊಂದುಂಟು. ಅದೇ ವರುಷದ ಏಪ್ರಿಲಿನಿಂದ, ಕಳುಹಿಸಿದವರೂ ಪಡೆದವರೂ ಹೊರತು ಬೇರೆ ಯಾರೂ ಸಂದೇಶವನ್ನು ಓದಲಾಗದಂತೆ ಅದಕ್ಕೆ ಮುದ್ರೆ ಹಾಕಲ್ಪಟ್ಟಿದೆ. ಆದರೆ ಈ ಮುದ್ರೆಯು ಒಳಗಿನ ಮಾತಿಗೆ ಮಾತ್ರವೇ ಹೊರತು ಲಕೋಟೆಯ ಹೊರಮೈಗಲ್ಲ. ನಮ್ಮ ನಂಬರು, ನಮ್ಮ ಫೋನಿನ ಜಾತಿ, ನಾವು ಯಾವ ಹೊತ್ತಿನಲ್ಲಿ ಎಷ್ಟು ಸಾರಿ ಬಳಸುತ್ತೇವೆಂಬದು, ಇವು ಸಂಸ್ಥೆಗೆ ತಿಳಿಯುವವು. ನಾವು ಒಪ್ಪಿಗೆಯನ್ನು ಒತ್ತಿದರೆ ನಮ್ಮ ಫೋನಿನಲ್ಲಿರುವ ಇತರರ ನಂಬರುಗಳೂ ಹೋಗುವವು.

ಇದೇ ಹೆಚ್ಚಾಗಿ ಯೋಚಿಸತಕ್ಕ ವಿಷಯವು. ಏಸಾವನು ಒಂದು ಹೊತ್ತಿನ ಊಟಕ್ಕಾಗಿ ಚೊಚ್ಚಲತನದ ಹಕ್ಕನ್ನು ಮಾರಿದನು. ಆದರೂ ಅವನು ಮಾರಿದ್ದು ತನ್ನ ಸ್ವಂತದ್ದನ್ನೇ. ನಮ್ಮ ಹುಡುಗಿಯೊಬ್ಬಳು ಒಂದು ಆ್ಯಪಿಗಾಗಿ ತನ್ನ ಗೆಳತಿಯ, ಚಿಕ್ಕಮ್ಮನ, ಉಪಾಧ್ಯಾಯಿನಿಯ ನಂಬರುಗಳನ್ನು ಒಪ್ಪಿಸುವಾಗ, ಕೊಡುವದು ತನ್ನದನ್ನಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017 ರಲ್ಲಿ ತೀರ್ಪಿತ್ತಿತು. ಪ್ರತಿಯೊಬ್ಬರದಾದದ್ದನ್ನು ಒಬ್ಬಳು ಎಲ್ಲರ ಪರವಾಗಿ ಬಿಟ್ಟುಕೊಡುವದು ಹೇಗೆ?

ಬೇರೆ ಮಾರ್ಗಗಳೂ ಉಂಟು. ಸ್ವಿಟ್ಜರ್ಲೆಂಡಿನ ಥ್ರೀಮಾ ಎಂಬದನ್ನು ಹಣ ಕೊಟ್ಟು ಕೊಳ್ಳಬೇಕು. ಫೇಸ್‌ಬುಕ್ಕನ್ನು ಬಿಟ್ಟುಬಂದ ಆಕ್ಟನ್ನರು 2018 ರಲ್ಲಿ 5 ಕೋಟಿ ಡಾಲರು ಕೊಟ್ಟು ನೆಲೆಗೊಳಿಸಿದ ಸಿಗ್ನಲ್ ಪ್ರತಿಷ್ಠಾನವು ಜಾಹೀರಾತುಗಳಿಲ್ಲದೆ ದಾನದಿಂದ ನಡೆಯುತ್ತದೆ. ಅಲ್ಲಿ ಶಕ್ತರು ಕೊಟ್ಟ ಕಾಣಿಕೆಯಿಂದ ಅಶಕ್ತರಿಗೂ ಉಪಕಾರವಾಗುವದು. ಆದರೆ ಹಣ ಕೊಟ್ಟ ಮಾತ್ರಕ್ಕೆ ಗುಟ್ಟು ಉಳಿಯುವದೆಂದು ತಿಳಿಯಬಾರದು; ನಿಬಂಧನೆಗಳನ್ನು ಓದಿಯೇ ಒಪ್ಪಬೇಕು.

ಆದಕಾರಣ ತಾಯಂದಿರು ಮಗಳ ಕೈಗೆ ಫೋನನ್ನು ಕೊಡುವಾಗ ಈ ಮೂರು ಪ್ರಶ್ನೆಗಳನ್ನು ಕಲಿಸಲಿ: ಇದರ ವೆಚ್ಚವನ್ನು ಯಾರು ತೆರುತ್ತಾರೆ? ನನ್ನಿಂದ ಏನನ್ನು ಕೇಳುತ್ತಾರೆ? ಕೇಳಿದ್ದು ನನ್ನದೋ, ಪರರದ್ದೋ? ಮೂರನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬಲ್ಲವಳು ಈ ಪಾಠವನ್ನು ಕಲಿತಳೆಂದೇ ಹೇಳಬಹುದು.