ಅಜ್ಜಿ ಚಹಾ ತರಲಿಲ್ಲ

(ಊರಿನ ನೋವಿಗೆ ನಾಟಕ, ಹಾಡು, ಹೊಲಿಗೆ ಹಿಡಿದು ಹೊರಟವರ ಪತ್ರಗಳಿಗೆ ಸಮುದಾಯ ರಂಗಭೂಮಿಯ ನಿರ್ದೇಶಕರೊಬ್ಬರ ಉತ್ತರ)

ಪ್ರಶ್ನೆ: ಮೂರು ವರ್ಷದಿಂದ ನಮ್ಮ ಹೈಸ್ಕೂಲಿನ ಮಕ್ಕಳಿಂದ ಬಾಲ್ಯವಿವಾಹದ ವಿರುದ್ಧ ಬೀದಿನಾಟಕ ಆಡಿಸುತ್ತಿದ್ದೇನೆ. ಜನ ಚಪ್ಪಾಳೆ ತಟ್ಟುತ್ತಾರೆ, ಪಂಚಾಯಿತಿಯವರು ಶಾಲು ಹೊದಿಸುತ್ತಾರೆ. ಹೋದ ಬೇಸಿಗೆ ರಜೆಯಲ್ಲಿ, ನಾಟಕದಲ್ಲಿ ಪೊಲೀಸ್ ಪಾತ್ರ ಮಾಡಿದ್ದ ಹುಡುಗಿಗೇ ಮದುವೆ ಮಾಡಿಬಿಟ್ಟರು. ಇನ್ನು ಯಾಕೆ ಆಡಬೇಕು ಸರ್?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಮೊದಲು ಆ ಹುಡುಗಿಯ ವಿಷಯ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಾಟಕದ ಮಾತು ಆಮೇಲೆ.

ಬ್ರೆಜಿಲ್ ದೇಶದ ಅಗುಸ್ಟೊ ಬೋಲ್ (1931–2009) ಎಂಬ ನಿರ್ದೇಶಕನಿಗೂ ಇಂಥದೇ ಕಪಾಳಮೋಕ್ಷ ಆಗಿತ್ತು. ಅವನ ತಂಡ ಹಳ್ಳಿಯೊಂದರಲ್ಲಿ ಬಂದೂಕು ಎತ್ತಿ ಹಿಡಿದು, ಭೂಮಿಗಾಗಿ ರಕ್ತ ಹರಿಸೋಣ ಎಂದು ಹಾಡಿ ನಾಟಕ ಮುಗಿಸಿತು. ವಿರ್ಜಿಲಿಯೊ ಎಂಬ ರೈತ ಕಣ್ಣೀರು ಹಾಕುತ್ತ ಬಂದು, ಬನ್ನಿ, ಊಟ ಮಾಡಿಕೊಂಡು ಈಗಲೇ ಜಮೀನ್ದಾರನ ಗೂಂಡಾಗಳ ಮೇಲೆ ಬೀಳೋಣ ಅಂದ. ಬಂದೂಕು ಮರದ್ದು, ನಾವು ಬರೀ ನಟರು ಎಂದು ತಂಡದವರು ತೊದಲಿದರು. ಹಾಗಾದರೆ ನೀವು ಹರಿಸಿ ಅಂದದ್ದು ನಮ್ಮ ರಕ್ತ, ನಿಮ್ಮದಲ್ಲ ಎಂದ ರೈತ. ತಾನು ಮಾಡಲು ತಯಾರಿಲ್ಲದ್ದನ್ನು ಇನ್ನೊಬ್ಬರಿಗೆ ಹೇಳುವ ನಾಟಕಕ್ಕೆ ಬೋಲ್ ಅಲ್ಲಿಗೆ ಕೈಮುಗಿದ.

ನಿಮ್ಮ ನಾಟಕದ ಕೊನೆಯಲ್ಲಿ ಪೊಲೀಸ್ ಬಂದು ಮದುವೆ ನಿಲ್ಲಿಸುತ್ತಾರೆ ಅಲ್ಲವೇ? ಅದನ್ನು ತೆಗೆದುಹಾಕಿ. ಮದುವೆ ಗೊತ್ತಾಗುವಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿಂದ ಆಡಿ. ಈ ಸಲ ನೋಡುವವರಲ್ಲಿ ಯಾರಾದರೂ ‘ತಡೀರಿ’ ಅಂದರೆ ಆಟ ನಿಲ್ಲಬೇಕು, ಅವರೇ ಬಂದು ಹುಡುಗಿಯ ಜಾಗದಲ್ಲೋ ತಾಯಿಯ ಜಾಗದಲ್ಲೋ ನಿಂತು ಬೇರೆ ದಾರಿ ಮಾಡಿ ತೋರಿಸಬೇಕು. ಅಪ್ಪನ ಪಾತ್ರವನ್ನು ಮಾತ್ರ ಬಿಟ್ಟುಕೊಡಬೇಡಿ. ಕೊಟ್ಟರೆ ಒಳ್ಳೆಯವನೊಬ್ಬ ಬಂದು ‘ನನಗೆ ಬುದ್ಧಿ ಬಂತು’ ಅಂದುಬಿಡುತ್ತಾನೆ. ಮನೆಯಲ್ಲಿ ಹಾಗೆ ಯಾವ ಅಪ್ಪನಿಗೂ ಬುದ್ಧಿ ಬರುವುದಿಲ್ಲ. ನಡುವೆ ನಿಂತು ಎರಡೂ ಕಡೆ ಮಾತಾಡಿಸಲು ಒಬ್ಬರು ಬೇಕು. ನಿಮ್ಮ ಕಡೆಯ ದೊಡ್ಡಾಟದ ಸಾರಥಿ ಹೇಗೆ ರಾಜನನ್ನೂ ಕೆಣಕಿ ಜನರನ್ನೂ ನಗಿಸುತ್ತಾನೋ, ಹಾಗೆ.

ಒಂದು ಊರಿನಲ್ಲಿ ನಾನು ಇದನ್ನು ಆಡಿಸಿದಾಗ ಅರ್ಧ ಗಂಟೆ ಯಾರೂ ಏಳಲಿಲ್ಲ. ಕೊನೆಗೆ ಎಲೆಅಡಿಕೆ ಹಾಕಿಕೊಂಡಿದ್ದ ಅಜ್ಜಿಯೊಬ್ಬಳು ಬಂದು ತಾಯಿಯ ಜಾಗದಲ್ಲಿ ಕೂತಳು. ಗಂಡಿನ ಕಡೆಯವರು ಬಂದರು, ಮಾತು ಶುರುವಾಯಿತು. ಅಪ್ಪನ ಪಾತ್ರದ ಹುಡುಗ ‘ಚಾ ತಗೊಂಬಾ’ ಅಂದ. ಅಜ್ಜಿ ಅಲುಗಲಿಲ್ಲ. ಮತ್ತೆ ಕೂಗಿದ. ಸೆರಗು ಸರಿಮಾಡಿಕೊಂಡು ಅಲ್ಲೇ ಕೂತಳು. ಬೀಗರ ಪಾತ್ರದವರಿಗೆ ಏನು ಮಾಡಬೇಕೆಂದೇ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆ ಸಂಜೆ ಹೆಂಗಸರು ಎದ್ದು ಹೋಗಲೇ ಇಲ್ಲ. ಚಹಾ ಕೊಡದಿದ್ದರೆ ಮುಂದೆ ಏನೇನಾಗುತ್ತದೆ, ಯಾರ ಬೆನ್ನಿಗೆ ಪೆಟ್ಟು ಬೀಳುತ್ತದೆ ಎಂದು ರಾತ್ರಿ ಹತ್ತರವರೆಗೆ ಜಗಳಾಡಿದರು. ನನಗೆ ಬೇಕಿದ್ದದ್ದು ಆ ಜಗಳ. ನೋಡುವವರನ್ನೇ ಆಡಿಸುವ ಈ ದಾರಿ ಬೋಲ್‌ನದೇ; ಅವನು ಇದನ್ನು ಇನ್ನೂ ಮುಂದೆ ಒಯ್ದ. 1992ರಲ್ಲಿ ರಿಯೊ ನಗರಸಭೆಗೆ ಆರಿಸಿಬಂದವನು, ಬಡಾವಣೆಗಳಲ್ಲಿ ಹೀಗೆ ಆಡಿದ ನಾಟಕಗಳಿಂದಲೇ ಮಸೂದೆ ಬರೆದು 13 ಕಾನೂನು ಪಾಸು ಮಾಡಿಸಿದ. ನೀವು ಮುಂದಿನ ಆಟಕ್ಕೆ ಗ್ರಾಮಸಭೆಯ ದಿನವನ್ನೇ ಹಿಡಿಯಿರಿ. ಶಾಲು ಮಾತ್ರ ಬೇಡ ಅನ್ನಿ.

ಪ್ರಶ್ನೆ: 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಒಂದನೇ, ಎರಡನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಹೈಸ್ಕೂಲು ಸೇರಿದ್ದಾರೆ. ಜೋರು ಮಳೆ ಬಂದರೆ ಈಗಲೂ ಕೆಲವರು ನಿದ್ದೆ ಮಾಡುವುದಿಲ್ಲ. ವಾರ್ಷಿಕೋತ್ಸವಕ್ಕೆ ಅವರಿಂದ ಆ ರಾತ್ರಿಯ ನಾಟಕ ಆಡಿಸಿದರೆ ಮನಸ್ಸು ಹಗುರವಾದೀತೆ?
– ಅಂಗನವಾಡಿ ಕಾರ್ಯಕರ್ತೆ, ಮಡಿಕೇರಿ ಹತ್ತಿರ

ಉತ್ತರ: ಬೇಡ ಅಕ್ಕ. ನಾನು ಒಮ್ಮೆ ಈ ತಪ್ಪು ಮಾಡಿದ್ದೇನೆ. ನೆರೆ ಬಂದಿದ್ದ ಊರಿನ ಮಕ್ಕಳಿಂದ ನೆರೆಯನ್ನೇ ಆಡಿಸಿದೆ. ನೀಲಿ ಸೀರೆಯನ್ನು ನೀರಿನ ಹಾಗೆ ಅಲ್ಲಾಡಿಸಿದ ಕೂಡಲೇ ಒಬ್ಬ ಹುಡುಗಿ ಓಡಿಹೋಗಿ ಕಟ್ಟಡದ ಹಿಂದೆ ಕೂತಳು. ಪ್ರೇಕ್ಷಕರು ಕಣ್ಣೊರೆಸಿಕೊಂಡು ನನ್ನ ಕೈಕುಲುಕುತ್ತಿದ್ದರು. ನೋಡಿದವರಿಗೆ ಹಗುರ, ಆಡಿದವಳಿಗೆ ಭಾರ.

ಮಕ್ಕಳು ತಾವಾಗಿ ಕೇಳದೆ ಆ ರಾತ್ರಿಯನ್ನು ರಂಗಕ್ಕೆ ತರಬೇಡಿ. ಬೇರೆಯವರ ಕಥೆ ಕೊಡಿ, ಮುಖವಾಡ ಕೊಡಿ, ಮರವೋ ನಾಯಿಯೋ ಆಗಲಿ. ಕುಸಿದ ಮನೆಯ ಬದಲು ಕುಸಿಯುವ ಮುಂಚಿನ ಮನೆಯನ್ನು ಬರೆಸಿ: ಕಾಫಿ ಒಣಗಿಸುತ್ತಿದ್ದ ಕಣ, ಕೋಳಿಗೂಡು, ಹಿತ್ತಲ ಕಿತ್ತಳೆ ಗಿಡ. ಒಟ್ಟಿಗೆ ತಾಳ ಹಾಕುವ, ಹಾಡುವ ಆಟಗಳು ಬೇಕಾದಷ್ಟಿವೆ. ಮೈ ಒಂದು ಲಯಕ್ಕೆ ಬಂದರೆ ಉಸಿರೂ ಬರುತ್ತದೆ. ನಿದ್ದೆ ಬಾರದ ಮಗುವಿಗೆ ಮಾತ್ರ ನಾಟಕ ಸಾಲದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಕೊಲೆ ಮಾಡಿ ಜೈಲಿನಲ್ಲಿರುವವರಿಗೆ ಬಣ್ಣ ಹಚ್ಚಿ ಕುಣಿಸಿದರೆ ಸತ್ತವರ ಮನೆಯವರಿಗೆ ಏನು ಸಮಾಧಾನ?
– ನಿವೃತ್ತ ನೌಕರ, ಮೈಸೂರು

ಉತ್ತರ: ಏನೂ ಇಲ್ಲ ಸ್ವಾಮಿ. ಆ ಲೆಕ್ಕ ನಾಟಕದಿಂದ ಚುಕ್ತಾ ಆಗುವುದಿಲ್ಲ. ಆದರೆ ನಿಮ್ಮೂರಿನ ರಂಗಾಯಣದಲ್ಲಿದ್ದ ಹುಲುಗಪ್ಪ ಕಟ್ಟೀಮನಿ ಕೈದಿಗಳೊಂದಿಗೆ ಯಾವ ನಾಟಕ ಕಟ್ಟಿದರು ನೋಡಿ: ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ಒಗ್ಗಿಸಿದ ‘ಮಾರನಾಯಕ’. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆ. ಅದನ್ನು ಬಾಯಿಪಾಠ ಮಾಡಿ ನೂರು ಸಲ ತಾಲೀಮು ಮಾಡುವವನು ಕುಣಿಯುತ್ತಿದ್ದಾನೆ ಎಂದು ನನಗಂತೂ ಅನಿಸುವುದಿಲ್ಲ.

ಪ್ರಶ್ನೆ: ಸರ್ರ, ನಮ್ಮ ಹಳೇ ಮನಿ ಆಲಮಟ್ಟಿ ಹಿನ್ನೀರಿನ್ಯಾಗ ಹೋತು. ಪೇಪರಿನ್ಯಾಗ ‘519.60 ಮೀಟರ್ ತುಂಬಿತು’ ಅಂತ ಬಂದ ದಿನ ಅವ್ವ ಊಟ ಬಿಡ್ತಾಳ. ಓಣಿಯ ಮುದುಕಿಯರೆಲ್ಲ ಹಂಗ. ಇವರ ಕಡೆಯಿಂದ ನಾಟಕ ಮಾಡಸಬೇಕಂದ್ರ ನಾಚತಾರ. ಏನ್ ಮಾಡ್ಲಿ?
– ನವನಗರ, ಬಾಗಲಕೋಟೆ

ಉತ್ತರ: ತಮ್ಮಾ, ನಾಟಕ ಬಿಡು. ಅವ್ವನಿಗೆ ಕೌದಿ ಹೊಲಿಯಲು ಬರುತ್ತದಲ್ಲ?

ಚಿಲಿ ದೇಶದಲ್ಲಿ 1973ರ ಸೇನಾದಂಗೆಯ ಬಳಿಕ ಸಾವಿರಕ್ಕೂ ಹೆಚ್ಚು ಜನ ಕಾಣೆಯಾದರು. ಅವರ ತಾಯಂದಿರು, ಹೆಂಡಂದಿರು ಸ್ಯಾಂಟಿಯಾಗೊದಲ್ಲಿ ಚರ್ಚಿನ ಆಸರೆಯಲ್ಲಿ ಸೇರಿ, ಗೋಣಿತಾಟಿನ ಮೇಲೆ ಬಟ್ಟೆ ಚೂರು ಹೊಲಿದು ಚಿತ್ರ ಮಾಡುತ್ತಿದ್ದರು. ಕೆಲವು ಚೂರು ಕಾಣೆಯಾದವನದೇ ಅಂಗಿಯವು. ‘ಅರ್ಪಿಯೆರಾ’ ಅನ್ನುತ್ತಾರೆ. ಮೇಲೆ ಆಂಡಿಸ್ ಗುಡ್ಡ, ಸೂರ್ಯ. ಕೆಳಗೆ ಖಾಲಿ ಕುರ್ಚಿ, ಬಾಗಿಲಲ್ಲಿ ಪೊಲೀಸ್ ಗಾಡಿ. ಕೆಲವುಗಳ ಹಿಂದೆ ಸಣ್ಣ ಕಿಸೆ, ಅದರೊಳಗೆ ಚೀಟಿ. ಹೆಂಗಸರ ಹೊಲಿಗೆ ಎಂದು ಸರ್ಕಾರ ಮೊದಮೊದಲು ತಿರುಗಿಯೂ ನೋಡಲಿಲ್ಲ, ಅವು ಗಡಿ ದಾಟಿ ಜಗತ್ತಿಗೆಲ್ಲ ಸುದ್ದಿ ಮುಟ್ಟಿಸಿದವು.

ಐದಾರು ಜನರನ್ನು ಒಂದು ಪಡಸಾಲೆಯಲ್ಲಿ ಕೂಡಿಸು. ಹಳೇ ಮನೆಯಿಂದ ಬಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮಾವನ ಧೋತರ ತರಲಿ. ಊರಿನ ನಕ್ಷೆ ಹಾಕಿಸು: ಅಗಸಿ ಎಲ್ಲಿತ್ತು, ಭಾವಿ ಎಲ್ಲಿ, ಯಾರ ಕಟ್ಟೆ ಪಕ್ಕ ಯಾರ ಮನೆ. ಅಲ್ಲೇ ಜಗಳ ಬರುತ್ತದೆ. ‘ಬೇವಿನ ಗಿಡ ಆ ಕಡಿ ಇದ್ದಿಲ್ಲ’ ಅಂತ ಒಬ್ಬಾಕಿ ಬಿಚ್ಚಿಸುತ್ತಾಳೆ. ಬಿಚ್ಚಲಿ. ನೀನು ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಸುಮ್ಮನೆ ಸೂಜಿಗೆ ದಾರ ಪೋಣಿಸಿಕೊಡು, ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮುಗಿದ ಮೇಲೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಬೇಡ. ಮಳೆಗಾಲದಲ್ಲಿ ನೀರು ಏರುವ ಹೊತ್ತಿಗೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಹೊದೆಯಲಿ.