ಚೆಂಡು ಏಳುವ ಮುನ್ನ

ಬಂಗಾರಪೇಟೆಯ ರೈಲು ನಿಲ್ದಾಣದಿಂದ ಕವಲೊಡೆದ ಹಳಿಯೊಂದು ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಮಿನಲ್ಲಿ ಕೊನೆಗೊಳ್ಳುತ್ತದೆ. ಚಿನ್ನದ ಗಣಿಗಳಿಗಾಗಿ ಹುಟ್ಟಿದ ಈ ಹಾದಿಯಲ್ಲಿ, ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ, ಬೆಂಗಳೂರಿಗೆ ದುಡಿಯಲು ಹೋಗುವವರದೇ ಸಂದಣಿ. ನಸುಕಿನಲ್ಲಿ ಹೊರಟವರು ರಾತ್ರಿ ಮನೆ ಸೇರುತ್ತಾರೆ. ಹೀಗಿರುವಾಗ ಮನೆಮಂದಿಯೆಲ್ಲ ಒಂದೆಡೆ ಕುಳಿತುಕೊಳ್ಳುವುದೇ ಅಪರೂಪದ ಸಂಗತಿ.

ಬಂಗಾರಪೇಟೆಯ ಒಂದು ಮನೆಯಲ್ಲಿ ಈ ಅಪರೂಪವನ್ನು ಸಾಧ್ಯವಾಗಿಸಿದ್ದು ವಾಲಿಬಾಲ್. ಆ ಮನೆಯ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿದ್ದ ಗಣಿ ಅದು. ಅಲ್ಲಿನ ಬಂಡೆಯೇ ಬಿಸಿ. ಪಾಳಿ ಮುಗಿಸಿ ಮೇಲೆ ಬಂದ ತರುಣರು ಗಾಳಿ ಬೆಳಕುಗಳಿಗಾಗಿ ಹಂಬಲಿಸಿ ಬಯಲಿನಲ್ಲಿ ಬಲೆ ಕಟ್ಟುತ್ತಿದ್ದರು. ತಾತ ಅಲ್ಲಿ ಲಿಫ್ಟರ್. ಎಂದರೆ, ಹೊಡೆಯುವವನಿಗೆ ಚೆಂಡನ್ನು ಎತ್ತಿಕೊಡುವವರು. ಇಂದು ಆ ಬಯಲಿನಲ್ಲಿ ಜಾಲಿಗಿಡ ಬೆಳೆದಿದೆ. ಆಟ ಉಳಿದಿರುವುದು ಅವರ ಪಾಲಿಗೆ ದೂರದರ್ಶನದ ಪರದೆಯ ಮೇಲೆ ಮಾತ್ರ.

ಪರದೆಯ ಮುಂದೆ ಕುಳಿತವರೆಲ್ಲರೂ ಒಂದೇ ಆಟವನ್ನು ನೋಡುತ್ತಾರೆಂದು ಭಾವಿಸಬಾರದು. ಮೊಮ್ಮಗನಿಗೆ ಸ್ಮ್ಯಾಷ್ ಒಂದೇ ಆಟ. ಅಜ್ಜಿಯ ಕಣ್ಣು ಬೇರೆ ಬಣ್ಣದ ಅಂಗಿ ತೊಟ್ಟು ನೆಲಕ್ಕೆ ಬಿದ್ದು ಚೆಂಡನ್ನು ಉಳಿಸುವ ಲಿಬರೊ ಮೇಲೆ. "ಪಾಪ, ಆ ಹುಡುಗನಿಗೆ ಹೊಡೆಯಲು ಬಿಡುವುದೇ ಇಲ್ಲವಲ್ಲ!" ಎಂದು ಆಕೆಯ ಮರುಕ. ತಾತನ ವಾದವಾದರೋ ಅಂಕಗಳ ಬಗ್ಗೆ. ಅವರ ಕಾಲದಲ್ಲಿ ಸರ್ವೀಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು. ಹದಿನೈದು ಅಂಕಕ್ಕೆ ಸೆಟ್ ಮುಗಿಯುತ್ತಿತ್ತು. ಈಗ ಪ್ರತಿ ಚೆಂಡಿಗೂ ಅಂಕ, ಇಪ್ಪತ್ತೈದಕ್ಕೆ ಸೆಟ್. ಹಳೆಯ ಕ್ರಮದಲ್ಲಿ ತಾಳ್ಮೆ ಬೇಕಿತ್ತೆಂದು ತಾತ. ಹೊಸ ಕ್ರಮದಲ್ಲಿ ಒಲೆಯ ಮೇಲಿನ ಸಾರು ಸೀಯುವುದಿಲ್ಲವೆಂದು ಅಜ್ಜಿ. ಅಜ್ಜಿಯ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

2023ರ ಡಿಸೆಂಬರಿನಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಇಟಲಿ, ಬ್ರೆಜಿಲ್, ಜಪಾನ್, ತುರ್ಕಿಗಳ ತಂಡಗಳು ತಂದೆ ದಿನವೂ ದುಡಿಯಲು ಹೋಗುವ ಊರಿಗೇ ಬಂದಿದ್ದವು. ಆದರೆ ಕೆಲಸದ ದಿನಗಳಲ್ಲಿ ಆತನಿಗೆ ಮನೆಯ ಪರದೆಯೂ ದೊರೆಯಲಿಲ್ಲ. ಆ ದಿನಗಳಲ್ಲಿ ತಾತನ ಪಕ್ಕದಲ್ಲಿ ಕುಳಿತವಳು ಒಂಬತ್ತನೆಯ ತರಗತಿಯ ಮೊಮ್ಮಗಳು.

"ಚೆಂಡನ್ನು ನೋಡಬೇಡ, ಲಿಫ್ಟರನ ಕೈ ನೋಡು" ಎಂದರು ತಾತ. ಹುಡುಗಿಗೆ ಇದು ವಿಚಿತ್ರವೆನಿಸಿತು. ಒಂದು ತಂಡ ಮೂರು ಸಲ ಚೆಂಡನ್ನು ಮುಟ್ಟಬಹುದಷ್ಟೆ. ಎರಡನೆಯ ಸ್ಪರ್ಶ ಸಾಮಾನ್ಯವಾಗಿ ಲಿಫ್ಟರನದು. ಚೆಂಡನ್ನು ಮುಂದಕ್ಕೆ ಕೊಡುತ್ತಾನೋ, ತಲೆಯ ಹಿಂದಕ್ಕೆ ಕೊಡುತ್ತಾನೋ ಎಂಬುದನ್ನು ಆತ ಕೊನೆಯ ಕ್ಷಣದವರೆಗೂ ಬಚ್ಚಿಡುತ್ತಾನೆ. 2.43 ಮೀಟರ್ ಎತ್ತರದ ಬಲೆಯಾಚೆ ತಡೆಯಲು ನಿಂತವರು ತಪ್ಪು ಕಡೆಗೆ ಜಿಗಿದರೆ ಅರ್ಧ ಅಂಕ ಅಲ್ಲಿಯೇ ಗೆದ್ದಂತೆ. ಚಪ್ಪಾಳೆ ಮಾತ್ರ ಹೊಡೆದವನಿಗೆ.

ಹುಡುಗಿ ಪ್ರತಿಯಾಗಿ ತಾನು ಓದಿದ್ದನ್ನು ಹೇಳಿದಳು. ವಾಲಿಬಾಲ್ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿದ್ದು 1964ರಲ್ಲಿ, ಟೋಕಿಯೊದಲ್ಲಿ. ಅಲ್ಲಿ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಜಪಾನಿನ ಮಹಿಳೆಯರಲ್ಲಿ ಹೆಚ್ಚಿನವರು ನಿಚಿಬೊ ಎಂಬ ಬಟ್ಟೆ ಗಿರಣಿಯ ನೌಕರರು. ಹಗಲು ಕೆಲಸ, ಆಮೇಲೆ ರಾತ್ರಿ ಬಹಳ ಹೊತ್ತಿನವರೆಗೆ ಅಭ್ಯಾಸ. ಬಿದ್ದು ಚೆಂಡೆತ್ತಿ ಉರುಳಿ ಏಳುವ ವಿದ್ಯೆಯನ್ನು ತರಬೇತುದಾರ ದೈಮತ್ಸು ಅವರಿಗೆ ಕಲಿಸಿದ್ದನು. ಅಂತಿಮ ಪಂದ್ಯದ ಪ್ರಸಾರವನ್ನು ಟೋಕಿಯೊ ಪ್ರಾಂತದಲ್ಲಿ ಶೇಕಡಾ 66.8ರಷ್ಟು ಮನೆಗಳು ನೋಡಿದವು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಮುಗಿಸಿ ಬಂದು ಆಡಿದವರೇ?" ಎಂದು ಮತ್ತೆ ಕೇಳಿದರು.

ಡಿಸೆಂಬರ್ 10, ಭಾನುವಾರ. ತಂದೆಯೂ ಮನೆಯಲ್ಲಿದ್ದನು. ಇಟಲಿಯ ಪೆರುಜಾ ತಂಡವು ಬ್ರೆಜಿಲಿನ ಮಿನಾಸ್ ತಂಡವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿತು. ಪೈಪೋಟಿಯ ದೃಷ್ಟಿಯಿಂದ ಅದೇನೂ ಮಹಾ ಪಂದ್ಯವಲ್ಲ. ಆದರೆ ಪೆರುಜಾದ ಲಿಫ್ಟರ್ ಜಾನೆಲ್ಲಿ. 2022ರ ವಿಶ್ವ ಚಾಂಪಿಯನ್‌ಷಿಪ್‌ನ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದವನು ಆತ. ಲಿಫ್ಟರನಿಗೂ ಅಂತಹ ಗೌರವ ಸಲ್ಲುವುದೆಂದು ತಿಳಿದು ತಾತ ಹಿಗ್ಗಿದ್ದರು. ಒಂದು ಸಲ ಚೆಂಡು ಜಾನೆಲ್ಲಿಯತ್ತ ಬರುತ್ತಿರುವಾಗಲೇ ಹುಡುಗಿ, "ಹಿಂದಕ್ಕೆ!" ಎಂದಳು. ಚೆಂಡು ಅವನ ತಲೆಯ ಮೇಲಿಂದ ಹಿಂದಕ್ಕೇ ಹೋಯಿತು.

ತಾತ ಪರದೆಯಿಂದ ಕಣ್ಣು ತೆಗೆದು ಮೊಮ್ಮಗಳನ್ನು ನೋಡಿದರು. ಅಷ್ಟರಲ್ಲಿ ಮುಂದಿನ ಸರ್ವೀಸ್ ಆಗಿಹೋಗಿತ್ತು.